ಕೈಯಲ್ಲಿ ದುಡ್ಡಿಲ್ಲ, ಬೇರೆಯವರ ಮನೆಯಲ್ಲಿ ಶೂಟಿಂಗ್ ಮಾಡಬೇಕು: ಒಪ್ಪಿಗೆ ಪಡೆಯುವುದು ಹೇಗೆ?

ಸ್ಕ್ರಿಪ್ಟ್‌ನಲ್ಲಿ "ಹಳೆಯ ಮನೆ, ಒಳಗೆ, ಹಗಲು" ಎಂದು ಬರೆಯಲು ಐದು ಸೆಕೆಂಡ್ ಸಾಕು. ಅಂಥ ಮನೆಯ ಬಾಗಿಲು ತಟ್ಟಿ, "ನಿಮ್ಮ ಹಾಲ್ ಎರಡು ದಿನ ನಮಗೆ ಕೊಡ್ತೀರಾ?" ಎಂದು ಕೇಳಲು ಎರಡು ವಾರ ಧೈರ್ಯ ಕೂಡಿಸಬೇಕು. ಜೇಬು ಖಾಲಿ ಇದ್ದರಂತೂ ಕೇಳುವ ಮೊದಲೇ ಸೋತ ಹಾಗೆ ಅನ್ನಿಸುತ್ತದೆ.

ನನಗೂ ಹಾಗೇ ಅನ್ನಿಸುತ್ತಿತ್ತು. ನಾಲ್ಕಾರು ಕಿರುಚಿತ್ರಗಳಿಗೆ ಜಾಗ ಹುಡುಕಿದ ಮೇಲೆ ಒಂದು ವಿಷಯ ಗೊತ್ತಾಯಿತು. "ಆಗಲ್ಲ" ಅಂದವರಲ್ಲಿ ದುಡ್ಡಿನ ಮಾತೆತ್ತಿದವರು ತೀರಾ ಕಡಿಮೆ. ಅವರು ಕೇಳಿದ್ದೇ ಬೇರೆ. ಎಷ್ಟು ಜನ ಬರ್ತೀರಿ? ಗೋಡೆಗೆ ಮೊಳೆ ಹೊಡೀತೀರಾ? ರಾತ್ರಿ ಎಷ್ಟು ಹೊತ್ತಾಗುತ್ತೆ? ನಮ್ಮ ಮನೆಯನ್ನು ಯಾವ ಥರ ತೋರಿಸ್ತೀರಿ? ಅಂದರೆ ಅವರಿಗೆ ಇದ್ದದ್ದು ದುಡ್ಡಿನ ಆಸೆ ಅಲ್ಲ, ಅಪರಿಚಿತರ ಭಯ. ದುಡ್ಡಿರುವವರು ಆ ಭಯವನ್ನು ದೊಡ್ಡ ಬಾಡಿಗೆ ಕೊಟ್ಟು ಮುಚ್ಚಿಬಿಡುತ್ತಾರೆ. ನಾವು ಉತ್ತರ ಕೊಟ್ಟು ಕಳೆಯಬೇಕು, ಅಷ್ಟೇ ವ್ಯತ್ಯಾಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾನೂನು ದೇಶದಿಂದ ದೇಶಕ್ಕೆ, ಊರಿಂದ ಊರಿಗೆ ಬೇರೆ. ಇಲ್ಲಿರುವುದು ಎಲ್ಲ ಕಡೆ ಕೆಲಸಕ್ಕೆ ಬರುವ ದಾರಿ. ಸಿನಿಮಾ ಮಾರುವ ಯೋಚನೆ ಇದ್ದರೆ ನಿಮ್ಮ ಒಪ್ಪಿಗೆ ಪತ್ರವನ್ನು ಒಮ್ಮೆ ವಕೀಲರಿಗೆ ತೋರಿಸಿ.

ಹಂತ 1: ಮೊದಲು ಸ್ಕ್ರಿಪ್ಟ್‌ನಲ್ಲೇ ಜಾಗ ಕಡಿಮೆ ಮಾಡಿ

ಬೇಡದ ಜಾಗಕ್ಕೆ ಒಪ್ಪಿಗೆಯೂ ಬೇಡ. ಸೀನ್‌ಗಳ ಪಟ್ಟಿ ಹಾಕಿಕೊಂಡು ಪ್ರತಿಯೊಂದರ ಮುಂದೆ ಕೇಳಿಕೊಳ್ಳಿ: ಇದು ಇಲ್ಲೇ ನಡೆಯಬೇಕಾ? ವಕೀಲರ ಆಫೀಸಿನಲ್ಲಿ ಆಗುವ ಮಾತು ಅವರ ಮನೆಯ ಓದುವ ಕೋಣೆಯಲ್ಲಿ ಆದರೆ ಕಥೆಗೆ ಏನಾದರೂ ನಷ್ಟವಾ? ಒಂದೇ ದೊಡ್ಡ ಮನೆಯ ಒಂದು ಕೋಣೆ ಹಾಸ್ಟೆಲ್ ಆಗಬಹುದು, ಇನ್ನೊಂದು ಕ್ಲಿನಿಕ್ ಆಗಬಹುದು. ಪರದೆ, ಮೇಜು, ಬೆಳಕು ಬದಲಾದರೆ ಸಾಕು. ಒಂದು ಜಾಗದಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಿ, ಬಿಚ್ಚಿ, ಮತ್ತೆ ಜೋಡಿಸುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ.

ಇನ್ನೊಂದು ಹಳೆಯ ಉಪಾಯ. ಮನೆಯ ಹೊರಗಿನ ಶಾಟ್ ಒಂದು ಕಡೆ, ಒಳಗಿನ ಸೀನ್ ಇನ್ನೊಂದು ಕಡೆ ತೆಗೆಯಿರಿ. ಪಾತ್ರ ಬಾಗಿಲು ತಳ್ಳಿತು, ಕಟ್, ಒಳಗೆ ಬಂತು. ನೋಡುವವರು ಎರಡನ್ನೂ ತಾವೇ ಜೋಡಿಸಿಕೊಳ್ಳುತ್ತಾರೆ. ಚೆಂದದ ಬಂಗಲೆಯ ಮಾಲೀಕರಿಗೆ "ಒಳಗೆ ಬರಲ್ಲ, ಗೇಟಿನ ಹತ್ತಿರ ಒಂದು ಗಂಟೆ ಸಾಕು" ಅಂದರೆ ಒಪ್ಪುವ ಸಾಧ್ಯತೆ ಎಷ್ಟೋ ಜಾಸ್ತಿ.

ಹಂತ 2: ಹುಡುಕುವುದನ್ನು ಪರಿಚಯದವರಿಂದ ಶುರು ಮಾಡಿ

ನಿಮ್ಮ ತಂಡದ ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡಿ. ತಮಗೆ, ನೆಂಟರಿಗೆ, ಸ್ನೇಹಿತರಿಗೆ ಯಾವ ಯಾವ ಜಾಗ ಇದೆ ಎಂದು ಬರೆಯಲಿ. ಗೋದಾಮು, ತೋಟ, ಟೈಲರ್ ಅಂಗಡಿ, ಟೆರೇಸ್, ಹಳೆಯ ಕಾರು, ಏನೇ ಇರಲಿ. ಹತ್ತು ಜನರ ತಂಡದಲ್ಲಿ ಆಶ್ಚರ್ಯವಾಗುವಷ್ಟು ಜಾಗ ಹೊರಗೆ ಬರುತ್ತದೆ. ಈ ಪಟ್ಟಿ ನೋಡಿ ಕಥೆಯನ್ನೇ ಸ್ವಲ್ಪ ತಿದ್ದಿಕೊಂಡರೂ ತಪ್ಪಿಲ್ಲ.

ಅದು ಸಾಲದಿದ್ದರೆ ಖಾಲಿ ಬಿದ್ದಿರುವ ಸಮಯ ಹುಡುಕಿ. ಬಾಡಿಗೆಗೆ ಅಥವಾ ಮಾರಾಟಕ್ಕೆ ಇಟ್ಟು ಖಾಲಿ ಇರುವ ಮನೆ, ವಾರದ ರಜೆಯ ದಿನದ ಅಂಗಡಿ, ಬಣ್ಣ ಹೊಡೆಸಲು ಹೊರಟಿರುವ ಕಟ್ಟಡ. ಬಣ್ಣ ಹೊಡೆಯುವ ಮೊದಲಿನ ವಾರ ನಮಗೆ ಚಿನ್ನದಂಥದ್ದು, ಗೋಡೆಗೆ ಏನಾದರೂ ಯಾರೂ ಬೈಯುವುದಿಲ್ಲ! ಪೀರ್‌ಸ್ಪೇಸ್, ಗಿಗ್‌ಸ್ಟರ್ ಥರದ ವೆಬ್‌ಸೈಟ್‌ಗಳಲ್ಲಿ ಗಂಟೆ ಲೆಕ್ಕದಲ್ಲಿ ಜಾಗ ಸಿಗುತ್ತದೆ. ಅವು ಇರುವ ಊರುಗಳಲ್ಲಿ ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಬಹುದು.

ರಜೆಗೆ ಉಳಿಯುವವರ ಹಾಗೆ ಮನೆ ಬುಕ್ ಮಾಡಿ ಗುಟ್ಟಾಗಿ ಶೂಟ್ ಮಾಡುವ ಐಡಿಯಾ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ. ಸಿಕ್ಕಿಬಿದ್ದರೆ ಅರ್ಧ ಸೀನ್‌ನಲ್ಲಿ ಹೊರಗೆ. ಸಿಕ್ಕಿಬೀಳದಿದ್ದರೂ ಆ ಜಾಗಕ್ಕೆ ನಿಮ್ಮ ಹತ್ತಿರ ಒಪ್ಪಿಗೆಯ ಕಾಗದ ಇರುವುದಿಲ್ಲ, ಮುಂದೆ ಸಿನಿಮಾ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.

ಹಂತ 3: "ಹೂಂ" ಅನ್ನುವ ಹಕ್ಕು ಯಾರಿಗಿದೆ ನೋಡಿ

ನಾನು ಪೆಟ್ಟು ತಿಂದಿದ್ದು ಇಲ್ಲೇ. ಒಂದು ಮನೆ ಸಿಕ್ಕಿತ್ತು, ಮನೆಯವರು ಖುಷಿಯಿಂದ ಒಪ್ಪಿದ್ದರು. ಬೆಳಗ್ಗೆ ಏಳಕ್ಕೆ ಲೈಟ್ ಇಟ್ಟೆವು. ಹನ್ನೊಂದಕ್ಕೆ ಒಬ್ಬರು ಬಂದು, "ಯಾರು ನೀವೆಲ್ಲ?" ಅಂದರು. ಅವರು ನಿಜವಾದ ಮಾಲೀಕರು, ನಾವು ಮಾತಾಡಿದ್ದು ಬಾಡಿಗೆದಾರರ ಜೊತೆ. ಹನ್ನೊಂದೂವರೆಗೆ ನಾವು ರಸ್ತೆಯಲ್ಲಿ. ಕೇಳಬೇಕು ಅಂತ ಬಾಡಿಗೆದಾರರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ತಪ್ಪು ನನ್ನದೇ.

ಅವತ್ತಿಂದ ಮೊದಲ ಭೇಟಿಯಲ್ಲೇ ಸಂಕೋಚ ಬಿಟ್ಟು ಕೇಳುತ್ತೇನೆ: "ಈ ಜಾಗ ಯಾರ ಹೆಸರಲ್ಲಿದೆ? ಬೇರೆ ಯಾರನ್ನಾದರೂ ಕೇಳಬೇಕಾ?" ಬಾಡಿಗೆ ಮನೆಯಾದರೆ ಇಬ್ಬರ ಸಹಿಯೂ ಬೇಕು, ಮಾಲೀಕರದ್ದು ಮತ್ತು ಅಲ್ಲಿ ವಾಸ ಇರುವವರದ್ದು. ಅಣ್ಣ ತಮ್ಮಂದಿರ ಜಂಟಿ ಆಸ್ತಿಯಾದರೆ ಎಲ್ಲರಿಗೂ ಗೊತ್ತಿರಲಿ. ಫ್ಲ್ಯಾಟ್ ಆದರೆ ಒಳಗೆ ಮಾಲೀಕರ ಮಾತು ನಡೆಯುತ್ತದೆ, ಲಿಫ್ಟ್, ಮೆಟ್ಟಿಲು, ಪಾರ್ಕಿಂಗ್ ಮಾತ್ರ ಸಂಘದ ಕೈಯಲ್ಲಿರುತ್ತದೆ. ಮಾಲ್ ಒಳಗಿನ ಅಂಗಡಿಗೆ ಅಂಗಡಿಯವರ ಒಪ್ಪಿಗೆ ಸಾಲದು, ಮಾಲ್‌ನವರದ್ದೂ ಬೇಕು. ಮಾಲ್, ಹೋಟೆಲ್ ಲಾಬಿ ಇವೆಲ್ಲ ಜನ ಓಡಾಡುವ ಜಾಗ ನಿಜ, ಆದರೂ ಖಾಸಗಿ ಜಾಗವೇ. ಅಂಗಡಿಯ ಮ್ಯಾನೇಜರ್ "ಆಯ್ತು ಬನ್ನಿ" ಅಂದರೆ ಆ ಮಾತಿಗೆ ಅವರಿಗೆ ಅಧಿಕಾರ ಇದೆಯಾ ಎಂದು ನೋಡಿ.

ಕ್ಯಾಮೆರಾ ಕಾಂಪೌಂಡ್ ದಾಟಿ ರಸ್ತೆಗೆ ಅಥವಾ ಫುಟ್‌ಪಾತ್‌ಗೆ ಬಂದರೆ ಕಥೆ ಬೇರೆ. ಅಲ್ಲಿ ಮನೆ ಮಾಲೀಕರ ಒಪ್ಪಿಗೆ ನಡೆಯುವುದಿಲ್ಲ, ಸ್ಥಳೀಯ ಆಡಳಿತದ ಅನುಮತಿ ಬೇಕಾಗಬಹುದು. ಡ್ರೋನ್‌ಗೆ ಅದರದ್ದೇ ನಿಯಮಗಳಿವೆ.

ಹಂತ 4: ಕೇಳುವ ಮೊದಲು ಕಿವಿಯಿಂದ ರೆಕ್ಕಿ ಮಾಡಿ

ರೆಕ್ಕಿಗೆ, ಅಂದರೆ ಶೂಟ್‌ಗೆ ಮೊದಲು ಜಾಗ ನೋಡಿ ಬರಲು, ಹೋದವರೆಲ್ಲ ಫೋನ್ ಎತ್ತಿ ಫ್ರೇಮ್ ನೋಡುತ್ತಾರೆ. ನೀವು ಮೊದಲು ಕಣ್ಣು ಮುಚ್ಚಿ ಒಂದು ನಿಮಿಷ ಸುಮ್ನೆ ನಿಲ್ಲಿ. ಫ್ರಿಡ್ಜ್, ನೀರಿನ ಪಂಪ್, ಪಕ್ಕದ ಶಾಲೆಯ ಗಂಟೆ, ಎದುರು ಕಟ್ಟಡದ ಕೆಲಸ, ಮೇಲೆ ಹಾರುವ ವಿಮಾನ. ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡು ಹೆಡ್‌ಫೋನ್‌ನಲ್ಲಿ ಕೇಳಿ. ಶೂಟ್ ಯಾವ ವಾರ, ಯಾವ ಹೊತ್ತಿಗೆ ಇದೆಯೋ ಅದೇ ಹೊತ್ತಿಗೆ ಹೋಗಬೇಕು. ಭಾನುವಾರ ಬೆಳಗ್ಗೆ ಆಶ್ರಮದ ಹಾಗಿದ್ದ ಓಣಿ ಸೋಮವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡ್ ಆಗಿರುತ್ತದೆ.

ಆಮೇಲೆ ಬೆಳಕು. ಬಿಸಿಲು ಯಾವ ಕಿಟಕಿಯಿಂದ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಗುರುತು ಹಾಕಿಕೊಳ್ಳಿ. ಕಡಿಮೆ ಬಜೆಟ್‌ನಲ್ಲಿ ಕಿಟಕಿಯೇ ನಿಮ್ಮ ದೊಡ್ಡ ಲೈಟ್. ಕೋಣೆ ಎಷ್ಟು ದೊಡ್ಡದು ನೋಡಿ. ಕ್ಯಾಮೆರಾ ಹಿಂದೆ ಸರಿಯಲು ಜಾಗ ಇಲ್ಲದಿದ್ದರೆ ಎಲ್ಲವನ್ನೂ ವೈಡ್ ಲೆನ್ಸ್‌ನಲ್ಲಿ ತೆಗೆಯಬೇಕಾಗುತ್ತದೆ, ಹತ್ತಿರದ ಮುಖಗಳು ಎಳೆದ ಹಾಗೆ ಕಾಣುತ್ತವೆ.

ಕರೆಂಟ್ ಲೆಕ್ಕ ಕಷ್ಟವೇನಲ್ಲ. ಲೈಟ್‌ನ ವ್ಯಾಟ್ ಅನ್ನು ವೋಲ್ಟೇಜ್‌ನಿಂದ ಭಾಗಿಸಿದರೆ ಎಷ್ಟು ಆಂಪ್ ಎಳೆಯುತ್ತದೆ ಗೊತ್ತಾಗುತ್ತದೆ. 2000 ವ್ಯಾಟ್‌ನ ಹ್ಯಾಲೊಜನ್ ಲೈಟ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್, 120 ವೋಲ್ಟ್ ಇರುವ ದೇಶದಲ್ಲಿ 16 ಆಂಪ್‌ಗೂ ಜಾಸ್ತಿ. ಅಲ್ಲಿ ಅದು 15 ಆಂಪ್‌ನ ಸಾಮಾನ್ಯ ಸರ್ಕ್ಯೂಟ್ ತಡೆಯುವುದಕ್ಕಿಂತ ಹೆಚ್ಚು. ಫ್ಯೂಸ್ ಬಾಕ್ಸ್ ಎಲ್ಲಿದೆ, ಯಾವ ಪ್ಲಗ್ ಅದರ ಯಾವ ಸ್ವಿಚ್ಚಿಗೆ ಸೇರಿದೆ ಎಂದು ಅವತ್ತೇ ಕೇಳಿ. ಎಲ್‌ಇಡಿ ಲೈಟ್ ತಂದರೆ ಈ ತಲೆನೋವು ಬಹುಪಾಲು ಇಲ್ಲ, ಅದನ್ನು ಮಾಲೀಕರಿಗೂ ಹೇಳಿ. "ನಿಮ್ಮ ಇಸ್ತ್ರಿ ಪೆಟ್ಟಿಗೆಗಿಂತ ಕಡಿಮೆ ಕರೆಂಟ್ ಎಳೆಯುತ್ತೆ" ಅಂದರೆ ಅವರ ಮುಖ ಸಡಿಲವಾಗುತ್ತದೆ.

ಶೌಚಾಲಯ ಇದೆಯಾ, ಗಾಡಿ ಎಲ್ಲಿ ನಿಲ್ಲಿಸುವುದು, ಸಾಮಾನು ಇಡಲು ಒಂದು ಖಾಲಿ ಕೋಣೆ ಇದೆಯಾ. ಇವನ್ನೂ ಬರೆದುಕೊಳ್ಳಿ.

ಹಂತ 5: ಕೇಳುವ ರೀತಿ

ಹೋಗುವವರು ಯಾರು ಎಂಬುದೇ ಅರ್ಧ ಕೆಲಸ. ನಿರ್ದೇಶಕರನ್ನು ಒಬ್ಬರೇ ಕಳಿಸಬೇಡಿ. ಅವರು ಕಥೆ ಹೇಳುತ್ತಾ ಕೂರುತ್ತಾರೆ, ಮಾಲೀಕರ ಪ್ರಶ್ನೆ ಕಿವಿಗೆ ಬೀಳುವುದಿಲ್ಲ. ಸಮಾಧಾನವಾಗಿ ಕೇಳಿಸಿಕೊಳ್ಳುವ ಒಬ್ಬರು ಜೊತೆಗಿರಲಿ. ಇಬ್ಬರು ಸಾಕು, ಐದು ಜನ ಹೋದರೆ ದಂಡು ಬಂದ ಹಾಗೆ ಕಾಣುತ್ತದೆ. ಫೋನ್‌ಗಿಂತ ಮುಖಾಮುಖಿ ಭೇಟಿ ಒಳ್ಳೆಯದು. ಮೆಸೇಜ್‌ನಲ್ಲಿ "ಇಲ್ಲ" ಅನ್ನುವುದು ತುಂಬಾ ಸುಲಭ, ಅಲ್ವಾ?

ಅವರಿಗೆ "ಶೂಟಿಂಗ್" ಎಂದ ಕೂಡಲೇ ಕಣ್ಣ ಮುಂದೆ ಬರುವುದು ಎರಡು ಲಾರಿ, ನೂರು ಜನ, ಜನರೇಟರ್ ಸದ್ದು. ಆ ಚಿತ್ರ ಅಳಿಸುವುದೇ ನಿಮ್ಮ ಮೊದಲ ಕೆಲಸ. ಅದಕ್ಕೆ ಅಂಕಿ ಬೇಕು. "ಚಿಕ್ಕ ತಂಡ" ಅನ್ನಬೇಡಿ, "ಒಟ್ಟು ಒಂಬತ್ತು ಜನ" ಅನ್ನಿ. "ಸ್ವಲ್ಪ ಹೊತ್ತು" ಅನ್ನಬೇಡಿ, "ಬೆಳಗ್ಗೆ ಎಂಟರಿಂದ ಸಂಜೆ ಆರು" ಅನ್ನಿ. ಹೇಳಬೇಕಾದ್ದನ್ನು ಒಂದು ಪುಟದಲ್ಲಿ ಬರೆದು ಕೈಯಲ್ಲಿ ಕೊಟ್ಟು ಬನ್ನಿ. ಮನೆಯ ಉಳಿದವರಿಗೆ ನಿಮ್ಮ ಪರವಾಗಿ ಮಾತಾಡುವುದು ಆ ಹಾಳೆಯೇ. ನಾನು ಕೊಡುವ ಹಾಳೆ ಹೆಚ್ಚುಕಡಿಮೆ ಹೀಗಿರುತ್ತದೆ:

"ನಮಸ್ಕಾರ. ನಾವು 15 ನಿಮಿಷದ ಒಂದು ಕಿರುಚಿತ್ರ ಮಾಡುತ್ತಿದ್ದೇವೆ. ಊರು ಬಿಟ್ಟು ಹೋಗುವ ಹಿಂದಿನ ದಿನ ಅಕ್ಕ ತಂಗಿ ಮಾತಾಡುವ ಕಥೆ. ನಿಮ್ಮ ಮನೆಯ ಹಾಲ್ ಮತ್ತು ಹಿತ್ತಿಲಿನಲ್ಲಿ ಎರಡು ಸೀನ್ ತೆಗೆಯುವ ಆಸೆ. ಶನಿವಾರ ಮತ್ತು ಭಾನುವಾರ, ಬೆಳಗ್ಗೆ 8ರಿಂದ ಸಂಜೆ 6. ನಟರೂ ಸೇರಿ 9 ಜನ. ಮಲಗುವ ಕೋಣೆಗೆ ಯಾರೂ ಬರುವುದಿಲ್ಲ. ಗೋಡೆಗೆ ಮೊಳೆ, ಬಣ್ಣ ಇಲ್ಲ. ಸೋಫಾ ಮತ್ತು ಎರಡು ಚಿತ್ರಗಳನ್ನು ಸರಿಸುತ್ತೇವೆ, ಫೋಟೋ ನೋಡಿ ಅಲ್ಲೇ ವಾಪಸ್ ಇಡುತ್ತೇವೆ. ಒಂದು ಸೀನ್‌ನಲ್ಲಿ ಜೋರು ಜಗಳ ಇದೆ. ಅದನ್ನು ಮಧ್ಯಾಹ್ನವೇ ಮುಗಿಸುತ್ತೇವೆ, ಅಕ್ಕಪಕ್ಕದವರಿಗೆ ನಾವೇ ಹೇಳುತ್ತೇವೆ. ಏನಾದರೂ ಹಾಳಾದರೆ ಖರ್ಚು ನಮ್ಮದು. ಯೋಚಿಸಿ ಹೇಳಿ, ಬುಧವಾರ ಮತ್ತೆ ಬರುತ್ತೇನೆ."

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಜಗಳದ ಸೀನ್ ಮುಚ್ಚಿಡಲಿಲ್ಲ. ರಕ್ತ, ಮುತ್ತು, ಸಾವು, ಕುಡಿತ, ದೇವರು, ರಾಜಕೀಯ, ಯಾವುದಿದ್ದರೂ ಮೊದಲೇ ಹೇಳಿಬಿಡಿ. ಶೂಟ್ ದಿನ ಗೊತ್ತಾದರೆ ಕ್ಯಾಮೆರಾ ಆಫ್ ಮಾಡಿಸುತ್ತಾರೆ, ಸಿನಿಮಾ ನೋಡುವಾಗ ಗೊತ್ತಾದರೆ ಇನ್ನೂ ಕೆಟ್ಟದ್ದು. ಎರಡು, "ಈಗಲೇ ಹೇಳಿ" ಎಂದು ಒತ್ತಾಯಿಸಲಿಲ್ಲ. ಮುಲಾಜಿಗೆ ಸಿಕ್ಕ ಒಪ್ಪಿಗೆ ಶೂಟ್‌ನ ಹಿಂದಿನ ರಾತ್ರಿ ಫೋನ್‌ನಲ್ಲಿ ಕೈಕೊಡುತ್ತದೆ.

ಸಮಯದ ವಿಷಯದಲ್ಲಿ ಎಲ್ಲರೂ ಸುಳ್ಳು ಹೇಳುತ್ತೇವೆ, ಬೇಕಂತಲೇ ಅಲ್ಲ. ನಾಲ್ಕು ಗಂಟೆ ಸಾಕು ಅನ್ನಿಸಿದರೆ ಎಂಟು ಕೇಳಿ. ಬೇಗ ಮುಗಿಸಿ ಹೊರಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

"ಇಲ್ಲ" ಅಂದರೆ ಧನ್ಯವಾದ ಹೇಳಿ, "ಬೇರೆ ಯಾರದ್ದಾದರೂ ಇಂಥ ಮನೆ ಗೊತ್ತಾ?" ಎಂದು ಕೇಳಿ ಎದ್ದು ಬನ್ನಿ. ನನಗೆ ಸಿಕ್ಕ ಅತ್ಯುತ್ತಮ ಜಾಗ ಹೀಗೆ ಇಲ್ಲ ಅಂದವರ ಬಾಯಿಂದಲೇ ಬಂದಿದ್ದು.

ಹಂತ 6: ದುಡ್ಡಿನ ಬದಲು ಏನು ಕೊಡಬಹುದು?

ಅಂಗಡಿಯವರಿಗೆ ನಿಮ್ಮ ಕ್ಯಾಮೆರಾದಲ್ಲೇ ಒಂದು ನಿಮಿಷದ ಪ್ರಚಾರದ ವಿಡಿಯೊ ಅಥವಾ ಒಳ್ಳೆಯ ಫೋಟೋಗಳು. ಮನೆ ಮಾರಲು ಹೊರಟವರಿಗೆ ಮನೆಯ ಫೋಟೋ. ಮನೆಯವರಿಗೆ ಒಂದು ಕುಟುಂಬದ ಚಿತ್ರ. ತೋಟದವರಿಗೆ ಒಂದು ದಿನದ ಕೈಕೆಲಸ. ಇವೆಲ್ಲ ನಮ್ಮ ಹತ್ತಿರ ಇರುವಂಥವೇ. ಕರೆಂಟ್ ಬಿಲ್, ಶೂಟ್ ಆದ ಮೇಲೆ ಮನೆ ಸ್ವಚ್ಛ ಮಾಡಿಸುವ ಖರ್ಚು, ಇವೆರಡನ್ನು ಅವರು ಕೇಳುವ ಮೊದಲೇ ನೀವು ಹೇಳಿ.

ವಾಪಸ್ ಸಿಗುವ ಠೇವಣಿ ಇಡುವುದು ಇನ್ನೂ ಒಳ್ಳೆಯದು. ದುಡ್ಡು ಖರ್ಚಾಗುವುದಿಲ್ಲ, ಎರಡು ದಿನ ಅವರ ಹತ್ತಿರ ಇರುತ್ತದೆ ಅಷ್ಟೇ. ಆದರೆ ಅವರ ಭಯಕ್ಕೆ ಇಷ್ಟು ನೇರವಾಗಿ ಉತ್ತರ ಕೊಡುವುದು ಬೇರೆ ಯಾವುದೂ ಇಲ್ಲ.

ಪೂರ್ತಿ ಬಿಟ್ಟಿ ಕೊಟ್ಟರೂ ಹೆಸರಿಗೊಂದು ಚಿಕ್ಕ ಮೊತ್ತ ಕೊಟ್ಟು ಕಾಗದದಲ್ಲಿ ಬರೆಯಿರಿ. ಇಂಗ್ಲಿಷ್ ಕಾನೂನಿನ ಪದ್ಧತಿ ಇರುವ ದೇಶಗಳಲ್ಲಿ ಒಪ್ಪಂದ ಗಟ್ಟಿಯಾಗಬೇಕಾದರೆ ಎರಡೂ ಕಡೆಯಿಂದ ಕೊಡು-ಕೊಳ್ಳು ಇರಬೇಕು. ಬರೀ ಬಾಯಿಮಾತಿನ ಉಪಕಾರವನ್ನು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು.

ಲಾಭದಲ್ಲಿ ಪಾಲು, ಮಗನಿಗೆ ಪಾತ್ರ, "ನಿಮ್ಮ ಅಂಗಡಿ ಫೇಮಸ್ ಆಗುತ್ತೆ" ಎಂಬ ಮಾತು ಮಾತ್ರ ಬೇಡ.

ಹಂತ 7: ಕಾಗದ

ಜಾಗದ ಒಪ್ಪಿಗೆ ಪತ್ರವನ್ನು ಲೊಕೇಶನ್ ರಿಲೀಸ್ ಅನ್ನುತ್ತಾರೆ. ಇಂಟರ್‌ನೆಟ್‌ನಲ್ಲಿ ಸಿಗುವ ಎಂಟು ಪುಟದ ನಮೂನೆಯನ್ನು ಹಾಗೇ ಪ್ರಿಂಟ್ ತೆಗೆದುಕೊಂಡು ಹೋಗಬೇಡಿ. ಅಷ್ಟು ಹೊತ್ತು ಕಟ್ಟಿದ ನಂಬಿಕೆ ಮೂರನೇ ಪುಟದಲ್ಲಿ ಬಿದ್ದು ಹೋಗುತ್ತದೆ. ಒಂದೆರಡು ಪುಟ ಸಾಕು, ಮಾಲೀಕರು ಓದುವ ಭಾಷೆಯಲ್ಲಿ. ಜೊತೆಗೆ ಕೂತು ಓದಿ ಹೇಳಿ. ಇರಲೇಬೇಕಾದ್ದು ಇಷ್ಟು:

- ಜಾಗದ ವಿಳಾಸ, ಯಾವ ಯಾವ ಕೋಣೆ, ಯಾವ ದಿನ, ಯಾವ ಹೊತ್ತು. ಸಾಮಾನು ಇಳಿಸುವ, ತೆಗೆಯುವ ಸಮಯವೂ ಇದರಲ್ಲೇ ಸೇರಲಿ.
- ಸಹಿ ಹಾಕುವವರಿಗೆ ಒಪ್ಪಿಗೆ ಕೊಡುವ ಅಧಿಕಾರ ಇದೆ ಎಂಬ ಒಂದು ಸಾಲು.
- ತೆಗೆದ ದೃಶ್ಯವನ್ನು ಸಿನಿಮಾ, ಟ್ರೇಲರ್, ಪೋಸ್ಟರ್‌ನಲ್ಲಿ, ಯಾವುದೇ ಮಾಧ್ಯಮದಲ್ಲಿ, ಯಾವುದೇ ದೇಶದಲ್ಲಿ, ಸಮಯದ ಮಿತಿ ಇಲ್ಲದೆ ಬಳಸುವ ಹಕ್ಕು. ಒಪ್ಪಿಗೆಯನ್ನು ಆಮೇಲೆ ವಾಪಸ್ ತೆಗೆದುಕೊಳ್ಳುವಂತಿಲ್ಲ ಎಂಬುದೂ ಇರಲಿ.
- ಪ್ಯಾಚ್ ಶೂಟ್‌ಗೆ, ಅಂದರೆ ಬಿಟ್ಟುಹೋದ ಶಾಟ್‌ಗಳನ್ನು ಆಮೇಲೆ ತೆಗೆಯಲು, ಒಂದು ದಿನ ಮತ್ತೆ ಬರಬಹುದು ಎಂಬ ಮಾತು.
- ಹಾನಿಯಾದರೆ ಯಾರು, ಎಷ್ಟು ದಿನದೊಳಗೆ ಸರಿ ಮಾಡಿಸಬೇಕು. ಸಮಯ ಮೀರಿದರೆ ಏನು.
- ಎರಡೂ ಕಡೆಯವರು ಎಷ್ಟು ದಿನ ಮೊದಲು ರದ್ದು ಮಾಡಬಹುದು.

ಮೂರನೆಯ ಅಂಶ ಯಾಕೆ ಅಷ್ಟು ಉದ್ದ ಎಂದರೆ, ಇವತ್ತು ಯೂಟ್ಯೂಬ್‌ಗೆ ಅಂದುಕೊಂಡ ಸಿನಿಮಾ ನಾಳೆ ಓಟಿಟಿಗೆ ಹೋಗಬಹುದು. "ಯೂಟ್ಯೂಬ್‌ಗೆ ಮಾತ್ರ" ಎಂದು ಸಹಿ ಆಗಿದ್ದರೆ ಮತ್ತೆ ಅದೇ ಬಾಗಿಲು ತಟ್ಟಬೇಕು, ಆಗ ಮಾತಿನ ಧಾಟಿ ಬೇರೆ ಇರುತ್ತದೆ. ಮಾಲೀಕರಿಗೆ ಇದು ಭಯ ಹುಟ್ಟಿಸುವ ಸಾಲು ಎಂಬುದೂ ನಿಜ. ವಿಳಾಸ ಎಲ್ಲೂ ಹಾಕುವುದಿಲ್ಲ, ಮನೆಯವರ ಹೆಸರು ಬಳಸುವುದಿಲ್ಲ ಎಂದು ಪಕ್ಕದಲ್ಲೇ ಸೇರಿಸಿ, ಸರಿಹೋಗುತ್ತದೆ. ಎರಡು ಪ್ರತಿಗೆ ಸಹಿ, ಒಂದು ಅವರಿಗೆ. ಮನೆಯವರು ಯಾರಾದರೂ ಫ್ರೇಮ್‌ನಲ್ಲಿ ಗುರುತು ಸಿಗುವ ಹಾಗೆ ಬಂದರೆ ಅವರದ್ದು ಬೇರೆ ಒಪ್ಪಿಗೆ ಪತ್ರ.

ಹಂತ 8: ಗೋಡೆಯ ಮೇಲೆ ಏನಿದೆ ನೋಡಿ

ಮನೆಯವರು ಗೋಡೆಗೆ ಒಪ್ಪಿಗೆ ಕೊಡಬಹುದು, ಗೋಡೆಯ ಮೇಲಿನ ಪೇಂಟಿಂಗ್‌ಗೆ ಕೊಡಲು ಆಗುವುದಿಲ್ಲ. ಅದರ ಹಕ್ಕು ಸಾಮಾನ್ಯವಾಗಿ ಕಲಾವಿದರದ್ದು. ಅಮೆರಿಕದ ಕಲಾವಿದೆ ಫೇಯ್ತ್ ರಿಂಗೋಲ್ಡ್ ಅವರ ಕೌದಿ ಕಲಾಕೃತಿಯ ಪೋಸ್ಟರ್ ಒಂದು ಟೀವಿ ಧಾರಾವಾಹಿಯ ಸೆಟ್‌ನಲ್ಲಿ ನೇತಾಡುತ್ತಿತ್ತು. ಬಿಟ್ಟು ಬಿಟ್ಟು ಕಂಡಿದ್ದೆಲ್ಲ ಸೇರಿಸಿದರೂ 27 ಸೆಕೆಂಡ್ ಆಗುವುದಿಲ್ಲ. ಅವರು ಕೇಸ್ ಹಾಕಿದರು. ಕೆಳ ಕೋರ್ಟ್ ಚಾನೆಲ್ ಪರ ನಿಂತಿತ್ತು. 1997ರಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು, ಇದು ಲೆಕ್ಕಕ್ಕಿಲ್ಲದಷ್ಟು ಚಿಕ್ಕದಲ್ಲ ಎಂದಿತು. ಹಾಗಾಗಿ ಪೇಂಟಿಂಗ್, ಪೋಸ್ಟರ್, ಪುಸ್ತಕದ ಮುಖಪುಟ, ದೊಡ್ಡ ಬ್ರ್ಯಾಂಡ್ ಹೆಸರು ಇವನ್ನೆಲ್ಲ ತೆಗೆದಿಡಿ. ಜಾಗ ಖಾಲಿ ಕಂಡರೆ ನಿಮ್ಮ ತಂಡದವರೇ ಬಿಡಿಸಿದ ಚಿತ್ರ ಹಾಕಿ. ಪಕ್ಕದ ಮನೆಯ ರೇಡಿಯೊ ಹಾಡು ಸಂಭಾಷಣೆಯಲ್ಲಿ ಸೇರದ ಹಾಗೆ ನೋಡಿಕೊಳ್ಳಿ.

ಹಂತ 9: ವಿಮೆ, ನೆರೆಹೊರೆ, ಪೊಲೀಸ್

ಯಾರಾದರೂ ವೈರ್ ಎಡವಿ ಬಿದ್ದರೆ, ಬೆಂಕಿ ಹತ್ತಿದರೆ, ನಿಮ್ಮ ಮಾತು ಸಾಕಾಗುವುದಿಲ್ಲ. ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಇರುತ್ತದೆ, ಹಲವು ದೇಶಗಳಲ್ಲಿ ಕೆಲವೇ ದಿನಗಳ ಮಟ್ಟಿಗೂ ಸಿಗುತ್ತದೆ. ಓದುತ್ತಿರುವವರಾದರೆ ನಿಮ್ಮ ಕಾಲೇಜಿನ ವಿಮೆಯಲ್ಲಿ ಇದು ಸೇರುತ್ತದಾ ಕೇಳಿ.

ಎರಡು ದಿನ ಮೊದಲು ಅಕ್ಕಪಕ್ಕದವರಿಗೆ ಚೀಟಿ ಕೊಡಿ, ಒಂದು ಫೋನ್ ನಂಬರ್ ಹಾಕಿ. ಕಥೆಯಲ್ಲಿ ಆಟಿಕೆ ಬಂದೂಕು, ಚಾಕು, ಕಿರುಚಾಟ ಇದ್ದರೆ ಪೊಲೀಸರಿಗೆ ಮೊದಲೇ ತಿಳಿಸಿ. ಖಾಸಗಿ ಮನೆಯಾದರೂ ಸರಿ. ಕಿಟಕಿಯಿಂದ ನೋಡುವವರಿಗೆ ಅದು ಆಟಿಕೆ ಎಂದು ಗೊತ್ತಿರುವುದಿಲ್ಲ. ಹೊಗೆ ಯಂತ್ರ ಬಳಸುವುದಾದರೆ ಫೈರ್ ಅಲಾರಂ ವಿಷಯ ಕಟ್ಟಡದವರ ಜೊತೆ ಮೊದಲೇ ಮಾತಾಡಿ.

ಹಂತ 10: ಶೂಟ್ ದಿನ

ಒಂದೇ ಒಂದು ಸಾಮಾನು ಮುಟ್ಟುವ ಮೊದಲು ಪ್ರತಿ ಕೋಣೆಯ ಫೋಟೋ, ನಾಲ್ಕೂ ಮೂಲೆಯಿಂದ. ಇದ್ದ ಗೀರು, ಬಿರುಕುಗಳನ್ನು ಮಾಲೀಕರ ಜೊತೆಗೇ ನೋಡಿ ವಿಡಿಯೊ ಮಾಡಿಕೊಳ್ಳಿ. ನೆಲಕ್ಕೆ ರಟ್ಟು ಅಥವಾ ಹಳೆಯ ಬೆಡ್‌ಶೀಟ್ ಹಾಸಿ. ಸ್ಟ್ಯಾಂಡ್‌ಗಳ ಕಾಲಿಗೆ ಟೆನಿಸ್ ಚೆಂಡು ಸೀಳಿ ಸಿಕ್ಕಿಸಿ. ಗೋಡೆಗೆ ಟೇಪ್ ಅಂಟಿಸುವುದಾದರೆ ಕಾಣದ ಮೂಲೆಯಲ್ಲಿ ಒಂದು ತುಂಡು ಅಂಟಿಸಿ ನೋಡಿ. ನಾನು ನೋಡದೆ ಅಂಟಿಸಿ, ಕಿತ್ತಾಗ ಅಂಗೈ ಅಗಲ ಬಣ್ಣವೂ ಜೊತೆಗೆ ಬಂತು. ಅದಕ್ಕೆ ಇಡೀ ಗೋಡೆಗೇ ಬಣ್ಣ ಹೊಡೆಸಬೇಕಾಯಿತು.

ತಂಡದ ಒಬ್ಬರು ಜಾಗ ನೋಡಿಕೊಳ್ಳುವ ಕೆಲಸ ಮಾತ್ರ ಮಾಡಲಿ. ಮಾಲೀಕರು ಏನೇ ಕೇಳುವುದಿದ್ದರೂ ಅವರನ್ನೇ ಕೇಳಲಿ. ಸಮಯ ಮೀರುವ ಹಾಗೆ ಕಂಡರೆ ಎರಡು ಗಂಟೆ ಮೊದಲೇ ಹೋಗಿ ಹೇಳಿ. ಆರು ಗಂಟೆ ಹತ್ತು ನಿಮಿಷಕ್ಕೆ "ಇನ್ನೊಂದೇ ಶಾಟ್" ಅನ್ನುವುದಕ್ಕಿಂತ ನಾಲ್ಕಕ್ಕೇ "ಏಳು ಆಗಬಹುದು, ಪರವಾಗಿಲ್ವಾ?" ಅನ್ನುವುದು ವಾಸಿ.

ಸದ್ದು ಬೇಡವೆಂದು ಫ್ರಿಡ್ಜ್ ಆಫ್ ಮಾಡಿದರೆ, ಗಾಡಿಯ ಕೀಲಿಯನ್ನು ಫ್ರಿಡ್ಜ್ ಒಳಗೇ ಇಡಿ. ಸಿನಿಮಾದವರ ಹಳೆಯ ಉಪಾಯ ಇದು. ಕೀಲಿ ತೆಗೆಯಲು ಹೋದಾಗ ಆನ್ ಮಾಡುವುದು ನೆನಪಾಗುತ್ತದೆ. ನನಗೆ ಇದು ಗೊತ್ತಾಗಿದ್ದು ಒಬ್ಬರ ಮನೆಯ ಫ್ರಿಡ್ಜ್‌ನಲ್ಲಿದ್ದುದೆಲ್ಲ ಹಳಸಿದ ಮೇಲೆ.

ಹಂತ 11: ಪ್ಯಾಕಪ್ ಆದ ಮೇಲೆ

ಹೊರಡುವ ಮೊದಲು ಎಲ್ಲರೂ ಸುಮ್ಮನಿದ್ದು ಆ ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿ, ಎಡಿಟಿಂಗ್‌ಗೆ ಬೇಕಾಗುತ್ತದೆ. ಆಮೇಲೆ ಫೋಟೋ ನೋಡಿಕೊಂಡು ಒಂದೊಂದೇ ಸಾಮಾನು ಅದರ ಜಾಗಕ್ಕೆ ಸೇರಿಸಿ. ಕಸ ನಿಮ್ಮ ಜೊತೆ ಬರಲಿ. ಮಾಲೀಕರ ಜೊತೆ ಎಲ್ಲ ಕೋಣೆ ಸುತ್ತಿ, "ಎಲ್ಲ ಸರಿ ಇದೆ" ಎಂದು ಕಾಗದದ ಕೆಳಗೆ ಒಂದು ಸಹಿ ಹಾಕಿಸಿಕೊಳ್ಳಿ. ಏನಾದರೂ ಒಡೆದಿದ್ದರೆ ಅವರು ನೋಡುವ ಮೊದಲೇ ನೀವು ತೋರಿಸಿ. ಕಾಗದಗಳನ್ನೆಲ್ಲ ಅವತ್ತೇ ಸ್ಕ್ಯಾನ್ ಮಾಡಿ ಸಿನಿಮಾದ ಫೈಲ್‌ಗಳ ಜೊತೆಗೇ ಇಡಿ.

ಮಾರನೇ ದಿನ ಒಂದು ಫೋನ್ ಮಾಡಿ. ಎಡಿಟ್ ಮುಗಿದಾಗ ಅವರ ಮನೆ ಚೆನ್ನಾಗಿ ಕಾಣುವ ಒಂದು ಸ್ಟಿಲ್ ಕಳಿಸಿ, ಸಿನಿಮಾ ಮುಗಿದಾಗ ಮೊದಲು ತೋರಿಸುವವರಲ್ಲಿ ಅವರೂ ಇರಲಿ.

ಆ ಫ್ರಿಡ್ಜ್ ಮನೆಗೆ ಹಳಸಿದ್ದಕ್ಕೆಲ್ಲ ದುಡ್ಡು ಕೊಟ್ಟಿದ್ದೆ, ಸ್ಟಿಲ್ ಕೂಡ ಕಳಿಸಿದ್ದೆ. ನಾಲ್ಕು ತಿಂಗಳ ನಂತರ ಎರಡು ಶಾಟ್‌ಗೆ ಪ್ಯಾಚ್ ಶೂಟ್ ಬೇಕಾಯಿತು. ಅಳುಕುತ್ತಲೇ ಫೋನ್ ಮಾಡಿದೆ, ಬನ್ನಿ ಅಂದರು. ನಾವು ಹೋಗುವಷ್ಟರಲ್ಲಿ ಅವರೇ ಫ್ರಿಡ್ಜ್ ಆಫ್ ಮಾಡಿದ್ದರು. ಬಾಗಿಲು ತೆಗೆದು ತೋರಿಸಿದರು: ಒಳಗೆಲ್ಲ ಖಾಲಿ, ನಡುವಿನ ತಟ್ಟೆಯ ಮೇಲೆ ಅವರ ಗಾಡಿಯ ಕೀಲಿ.